ಒಂದೇ ಕೀಗೆ ಐದು ವಾರಸುದಾರರು

ಬಿವಿಬಿ ಎಂಜಿನಿಯರಿಂಗ್ ಕಾಲೇಜು 1947ರಲ್ಲೇ ಹುಬ್ಬಳ್ಳಿಯಲ್ಲಿ ಶುರುವಾಗಿತ್ತು. ಅದೀಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಹಾಗಾಗಿ ಅವಳಿ ನಗರದಲ್ಲಿ ಲಿನಕ್ಸ್ ಟರ್ಮಿನಲ್ ಮುಂದೆ ಕೂರುವ ಹುಡುಗ ಹುಡುಗಿಯರಿಗೇನೂ ಕೊರತೆಯಿಲ್ಲ. ವಿಂಡೋಸ್‌ಗೆ ಪಳಗಿದ ಬೆರಳು ಕೆಲಸ ಉಳಿಸಲೆಂದು ರೂಢಿಯಂತೆ ಕಂಟ್ರೋಲ್-ಎಸ್ ಒತ್ತುತ್ತದೆ. ಪರದೆ ಗಪ್‌ಚಿಪ್! ಎಷ್ಟು ಕುಟ್ಟಿದರೂ ಒಂದಕ್ಷರ ಮೂಡುವುದಿಲ್ಲ.

ಯಂತ್ರವೇನೂ ಕೆಟ್ಟಿರುವುದಿಲ್ಲ. ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್‌ಗಳ ಕಾಲದಲ್ಲಿ, ಮಾಹಿತಿಯ ಹರಿವನ್ನು ತಡೆಯಲು ಆಸ್ಕಿ ಸಂಕೇತ 19, ಮತ್ತೆ ಬಿಡಲು 17 ಬಳಕೆಯಾಗುತ್ತಿದ್ದವು. 19 ಎಂದರೆ ಕಂಟ್ರೋಲ್-ಎಸ್, 17 ಎಂದರೆ ಕಂಟ್ರೋಲ್-ಕ್ಯೂ. ಹಾಗಾಗಿ ಕಂಟ್ರೋಲ್-ಕ್ಯೂ ಒತ್ತಿದೊಡನೆ ಪರದೆಗೆ ಜೀವ ಬರುತ್ತದೆ. ಈ ಕಾಟವೇ ಬೇಡವೆನ್ನುವವರು ಎಸ್‌ಟಿಟಿವೈ ಆಜ್ಞೆಯಿಂದ ‘ಐಎಕ್ಸ್‌ಒಎನ್’ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿಬಿಡುತ್ತಾರೆ.

ಉಳಿದ ಶಾರ್ಟ್‌ಕಟ್ ಜಗಳಗಳ ಮೂಲ ಬೇರೆ. ಒತ್ತಿದ ಕೀ ಹುಬ್ಬಳ್ಳಿಯಲ್ಲಿ ‘ಚಿಗರಿ’ ಬಸ್ ಹತ್ತಿದ ಪ್ರಯಾಣಿಕನಂತೆ. ಧಾರವಾಡಕ್ಕೆಂದು ಹೊರಟರೂ ದಾರಿಯ ಉಣಕಲ್ಲಿನಲ್ಲೇ ಯಾರಾದರೂ ಇಳಿಸಿಕೊಳ್ಳಬಹುದು. ಡೆಸ್ಕ್‌ಟಾಪ್, ಟರ್ಮಿನಲ್ ಕಿಟಕಿ, ಒಂದೇ ಕಿಟಕಿಯಲ್ಲಿ ಹಲವು ಶೆಲ್ ನಡೆಸುವ ಟಿಮಕ್ಸ್ (ಬಳಸುತ್ತಿದ್ದರೆ), ಕೊನೆಗೆ ಆಜ್ಞೆ ಓದುವ ಶೆಲ್ ಇಲ್ಲವೇ ಆಗ ಓಡುತ್ತಿರುವ ಪ್ರೋಗ್ರಾಂ: ಇದು ಅದರ ದಾರಿ. ಎಚ್‌ಟಾಪ್‌ನಿಂದ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಸಾಧನ) ಹೊರಬರಲು ಎಫ್10 ಒತ್ತಿದರೆ ಗ್ನೋಮ್ ಟರ್ಮಿನಲ್‌ನ ಮೆನು ತೆರೆದುಕೊಳ್ಳುವುದು ಇದೇ ಕಾರಣಕ್ಕೆ.

ಟಿಮಕ್ಸ್‌ನಂಥದ್ದೇ ಕೆಲಸದ 1987ರ ‘ಸ್ಕ್ರೀನ್’ ತನ್ನ ಆಜ್ಞೆಗಳಿಗೆ ಕಂಟ್ರೋಲ್-ಎ ಹಿಡಿದುಕೊಂಡಿತು. ಬ್ಯಾಶ್ ಶೆಲ್‌ನಲ್ಲಿ ಸಾಲಿನ ಆರಂಭಕ್ಕೆ ಜಿಗಿಯುವ ಕೀ ಕೂಡ ಅದೇ! 2007ರಲ್ಲಿ ಬಂದ ಟಿಮಕ್ಸ್ ಕಂಟ್ರೋಲ್-ಬಿ ಆರಿಸಿತು. ಅದು ಬ್ಯಾಶ್‌ನಲ್ಲಿ ಒಂದಕ್ಷರ ಹಿಂದೆ ಸರಿಯುವ ಕೀ. ಟಿಮಕ್ಸ್ ಒಳಗಿದ್ದಾಗ ಕಂಟ್ರೋಲ್-ಬಿ ಅನ್ನು ಎರಡು ಸಲ ಒತ್ತಿದರೆ ಮಾತ್ರ ಒಂದು ಶೆಲ್‌ಗೆ ತಲುಪುತ್ತದೆ.

ಕನ್ನಡ ಟೈಪಿಸುವವರಿಗೆ ಇನ್ನೊಂದು ತೊಡಕು. ಲಿನಕ್ಸ್‌ನ ಭಾಷಾ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ಹಿಂದೆ ಕನ್ನಡ-ಇಂಗ್ಲಿಷ್ ಬದಲಿಸಲು ಕಂಟ್ರೋಲ್-ಸ್ಪೇಸ್ ಒತ್ತಬೇಕಿತ್ತು. ಈಮ್ಯಾಕ್ಸ್ ಎಡಿಟರ್‌ನಲ್ಲಿ ಪಠ್ಯ ಆಯ್ದುಕೊಳ್ಳಲು ಗುರುತು ಹಾಕುವ ಕೀ ಅದೇ. ಗುರುತು ಬೀಳುವ ಬದಲು ಭಾಷೆ ಬದಲಾಗುತ್ತಿತ್ತು. ಈಗ ಐಬಸ್ ಸೂಪರ್-ಸ್ಪೇಸ್‌ಗೆ ಸರಿದಿದೆ. ಹಳೆಯ ಸೆಟ್ಟಿಂಗ್ ಉಳಿಸಿಕೊಂಡವರಿಗೆ ಜಗಳ ಹಾಗೇ ಇದೆ.

ಕೀ ಕದ್ದ ಕಳ್ಳನನ್ನು ಹಿಡಿಯುವುದು ಕಷ್ಟವಲ್ಲ. ಬ್ಯಾಶ್‌ನಲ್ಲಿ ಕಂಟ್ರೋಲ್-ವಿ ಒತ್ತಿ, ಬಳಿಕ ಅನುಮಾನದ ಕೀ ಒತ್ತಬೇಕು. ಅದರ ಸಂಕೇತ ಪರದೆಯಲ್ಲಿ ಮೂಡಿದರೆ ಕೀ ಶೆಲ್‌ವರೆಗೆ ಬಂದಿದೆ. ‘ಬೈಂಡ್ -ಪಿ’ ಕೊಟ್ಟರೆ ಅಲ್ಲಿ ಅದಕ್ಕೇನು ಕೆಲಸವೆಂದು ತಿಳಿಯುತ್ತದೆ. ಏನೂ ಮೂಡದಿದ್ದರೆ ದಾರಿಯಲ್ಲೇ ಮಾಯವಾಗಿದೆ. ಆಗ ಟಿಮಕ್ಸ್‌ನಿಂದ ಹೊರಬಂದು ಇದೇ ಪರೀಕ್ಷೆ ಮಾಡಬೇಕು, ಆಮೇಲೆ ಟರ್ಮಿನಲ್‌ನ ಶಾರ್ಟ್‌ಕಟ್ ಪಟ್ಟಿ, ಕೊನೆಗೆ ಡೆಸ್ಕ್‌ಟಾಪ್‌ನ ಕೀಬೋರ್ಡ್ ಸೆಟ್ಟಿಂಗ್ ನೋಡಬೇಕು. ಕಂಟ್ರೋಲ್-ಐ ಮತ್ತು ಟ್ಯಾಬ್ ಮಾತ್ರ ಈ ಪರೀಕ್ಷೆಗೂ ಜಗ್ಗವು: ಎರಡರ ಸಂಕೇತವೂ 9. ಹಳೆಯ ಪದ್ಧತಿಯ ಟರ್ಮಿನಲ್‌ನಲ್ಲಿ ಒಂದರ ಕೆಲಸ ಬದಲಿಸಿದರೆ ಇನ್ನೊಂದರದ್ದೂ ಬದಲಾಗುತ್ತದೆ.