ಉಚಿತ ಪಾಠಗಳಿಂದ ಗ್ರಾಫಿಕ್ ವಿನ್ಯಾಸ ಮತ್ತು ಜಾಲತಾಣ ರಚನೆ: ಕನ್ನಡದ ಒಂದು ಕೆಲಸವನ್ನು ಪೂರ್ಣಗೊಳಿಸುವ ಕ್ರಮ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮುಖ್ಯರಸ್ತೆಗಳಲ್ಲಿ ಗ್ರಾಫಿಕ್ ವಿನ್ಯಾಸ ಹಾಗೂ ಜಾಲತಾಣ ರಚನೆ ಕಲಿಸುವ ಖಾಸಗಿ ತರಬೇತಿ ಕೇಂದ್ರಗಳ ಫಲಕಗಳು ಕಾಣಸಿಗುತ್ತವೆ. ಕೆಂಗೇರಿಯ ಆಚೆಗಿನ ಸೂಲಿಕೆರೆ, ರಾಮೋಹಳ್ಳಿ, ಕುಂಬಳಗೋಡು ಭಾಗದ ಅನೇಕ ಕುಟುಂಬಗಳಿಗೆ ಇಂತಹ ಶುಲ್ಕವನ್ನು ಸಾಲವಿಲ್ಲದೆ ಭರಿಸುವುದು ಕಷ್ಟ. ಈ ವಿಷಯಗಳ ಆರಂಭಿಕ ಪಾಠಗಳು ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿವೆ. ಆದರೆ ಹತ್ತಾರು ವಿಡಿಯೊಗಳನ್ನು ನೋಡಿ, ಒಂದು ಕೆಲಸವನ್ನೂ ಮುಗಿಸದೆ ಬಿಟ್ಟರೆ ಹಣ ಉಳಿದರೂ ಸಮಯ ವ್ಯರ್ಥವಾಗುತ್ತದೆ. ಆದುದರಿಂದ ಊರಿಗೆ ಬೇಕಾದ ಒಂದು ಕೆಲಸವನ್ನು ಆರಿಸಿಕೊಂಡು, ಅದು ಮುಗಿಯುವವರೆಗೆ ಕಲಿಯುವುದು ಸೂಕ್ತ.

ಕಲಿಕೆಯ ಸ್ಥಳ

ಮೊಬೈಲ್‌ನಲ್ಲಿ ಪಾಠ ನೋಡಬಹುದು. ಅಭ್ಯಾಸಕ್ಕೆ ಕಂಪ್ಯೂಟರ್ ಅನುಕೂಲಕರ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿದ್ದು, ಕಂಪ್ಯೂಟರ್ ಸೌಲಭ್ಯವಿರುವ ಕೇಂದ್ರಗಳನ್ನು ಯುವಜನರು ಬಳಸಿಕೊಳ್ಳಬಹುದು. ಕೆಂಗೇರಿಗೆ 2021ರಲ್ಲಿ ಮೆಟ್ರೊ ಸಂಚಾರ ಆರಂಭವಾದ ನಂತರ ವಿಜಯನಗರ ಭಾಗದ ಹಂಪಿನಗರ ಸಾರ್ವಜನಿಕ ಗ್ರಂಥಾಲಯವೂ ಸುಲಭವಾಗಿ ತಲುಪುವಂತಾಗಿದೆ.

ಮೊದಲ ಹೆಜ್ಜೆ: ಯೂನಿಕೋಡ್

ಕನ್ನಡದ ಕೆಲಸಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರಹವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಹುಡುಕುತಾಣಗಳಿಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿಯೇ ಯೂನಿಕೋಡ್ ಬೆರಳಚ್ಚು ಸಾಧ್ಯವಿರುವುದರಿಂದ ನುಡಿ ಬಲ್ಲವರು ಹೊಸದಾಗಿ ಬೆರಳಚ್ಚು ಕಲಿಯಬೇಕಾಗಿಲ್ಲ. ಹಳೆಯ ಕಡತಗಳನ್ನು ಉಚಿತ ಪರಿವರ್ತಕಗಳಿಂದ ಬದಲಾಯಿಸಬಹುದು. ನಂತರ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಗಮನವಿಟ್ಟು ಓದಿ ತಿದ್ದಬೇಕು.

ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿವೆ; ವ್ಯಾಪಾರದ ಕೆಲಸಕ್ಕೂ ಶುಲ್ಕವಿಲ್ಲ. ಯಾವುದೇ ತಂತ್ರಾಂಶವನ್ನು ಆರಿಸುವ ಮುನ್ನ ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ಬೆರಳಚ್ಚಿಸಿ, ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು.

ಮೊದಲ ಕೆಲಸ: ಒಂದು ಲೇಬಲ್

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಇಂಕ್‌ಸ್ಕೇಪ್, ಜಿಂಪ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಸುಮಾರು 10 ನಿಮಿಷಗಳ ಪಾಠಗಳಲ್ಲಿ ಕಲಿಸುತ್ತದೆ. ಯೋಜನೆಯ ಅನೇಕ ಪಾಠಗಳಿಗೆ ಕನ್ನಡ ಧ್ವನಿಯಿದೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ತಂತ್ರಾಂಶವನ್ನು ತೆರೆದು, ಪಾಠವನ್ನು ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು ಇದರ ಕ್ರಮ.

ಸ್ವಸಹಾಯ ಸಂಘದ ಹಪ್ಪಳ ಅಥವಾ ಉಪ್ಪಿನಕಾಯಿಗೆ ಲೇಬಲ್ ಸಿದ್ಧಪಡಿಸುವುದು ಉತ್ತಮ ಆರಂಭ. ಉತ್ಪನ್ನದ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಬೆಲೆ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲವೂ ಚಿಕ್ಕ ಜಾಗದಲ್ಲಿ ಓದುವಂತೆ ಕೂರಬೇಕು. ಯಾವುದು ದೊಡ್ಡದಿರಬೇಕು, ಯಾವುದು ಚಿಕ್ಕದಿರಬಹುದು ಎಂಬ ನಿರ್ಧಾರವೇ ವಿನ್ಯಾಸದ ಮೂಲಪಾಠ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು.

ಮುದ್ರಣಕ್ಕೆ ಕಳುಹಿಸುವಾಗ ಈ ಅಂಶಗಳನ್ನು ಗಮನಿಸಬೇಕು:

1. ಚಿತ್ರಗಳು ಮುದ್ರಿತ ಗಾತ್ರದಲ್ಲಿ ಇಂಚಿಗೆ 300 ಚುಕ್ಕೆಗಳಷ್ಟು ಸ್ಪಷ್ಟವಾಗಿರಬೇಕು.
2. ಕತ್ತರಿಸುವ ಅಂಚಿನ ಹೊರಗೆ ಸುಮಾರು 3 ಮಿಲಿಮೀಟರ್ ಬಣ್ಣ ಮುಂದುವರಿಯಬೇಕು.
3. ತಿದ್ದಲು ಮೂಲ ಕಡತವನ್ನು ಉಳಿಸಿಕೊಂಡು, ಮುದ್ರಣದ ಪ್ರತಿಯಲ್ಲಿ ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಬೇಕು. ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೂ ಕನ್ನಡ ಕೆಡುವುದಿಲ್ಲ.
4. ಪರದೆಯ ಬಣ್ಣ ಕಾಗದದಲ್ಲಿ ಬೇರೆಯಾಗಿ ಕಾಣಬಹುದು; ಮೊದಲು ಒಂದು ಮಾದರಿ ಪ್ರತಿಯನ್ನು ತೆಗೆಸಿ ನೋಡಬೇಕು.

ಎರಡನೆಯ ಕೆಲಸ: ಒಂದು ಪುಟದ ಜಾಲತಾಣ

ಜಾಲಪುಟದ ರಚನೆಗೆ ಎಚ್‌ಟಿಎಂಎಲ್, ರೂಪಕ್ಕೆ ಸಿಎಸ್‌ಎಸ್ ಸಾಕು. 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್‌ನಲ್ಲಿ ಕೋಡ್ ಬರೆದು, ಫಲಿತಾಂಶವನ್ನು ಅಲ್ಲಿಯೇ ಪರೀಕ್ಷಿಸುತ್ತಾ ಉಚಿತವಾಗಿ ಕಲಿಯಬಹುದು. ಇದರ ಪಾಠಗಳು ಇಂಗ್ಲಿಷಿನಲ್ಲಿರುವುದರಿಂದ ಇಬ್ಬರು ಮೂವರು ಜೊತೆಗೂಡಿ ಓದಿದರೆ ಅನುಕೂಲ.

ಅಭ್ಯಾಸಕ್ಕೆ ರಾಮೋಹಳ್ಳಿ ಸಮೀಪದ ದೊಡ್ಡ ಆಲದ ಮರದ ಪರಿಚಯವನ್ನು ಆರಿಸಿಕೊಳ್ಳಬಹುದು. ಸುಮಾರು ಮೂರು ಎಕರೆಗೆ ಹಬ್ಬಿರುವ ಮರದ ವಿವರ, ಸ್ವತಃ ತೆಗೆದ ಛಾಯಾಚಿತ್ರ, ತಲುಪುವ ಮಾರ್ಗ ಇಷ್ಟಿದ್ದರೆ ಸಾಕು. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ನಮೂದಿಸಬೇಕು. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿದ್ದರೆ ದೃಷ್ಟಿ ಮಂದವಿರುವವರಿಗೂ ಓದಲು ಸಹಾಯವಾಗುತ್ತದೆ. ಇಂತಹ ಸರಳ ಪುಟವನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಪ್ರಕಟಿಸಬಹುದು. ಸ್ವಂತ ಹೆಸರಿನ ವಿಳಾಸ ಬೇಕಿದ್ದಲ್ಲಿ ಮಾತ್ರ ವಾರ್ಷಿಕ ಶುಲ್ಕ ತಗಲುತ್ತದೆ. ಗಿಟ್‌ಹಬ್‌ನ ಉಚಿತ ಖಾತೆಯಲ್ಲಿ ಪುಟದ ಮೂಲ ಕಡತಗಳನ್ನೂ ಎಲ್ಲರೂ ನೋಡಬಹುದಾದುದರಿಂದ ಆಧಾರ್, ಬ್ಯಾಂಕ್ ಖಾತೆ ಮುಂತಾದ ಯಾರದೇ ವೈಯಕ್ತಿಕ ವಿವರಗಳನ್ನು ಸೇರಿಸಬಾರದು. ಹುಡುಕಾಟದಲ್ಲಿ ಸಿಕ್ಕ ಚಿತ್ರಗಳನ್ನು ಪರವಾನಗಿ ನೋಡದೆ ಬಳಸುವುದೂ ಸಲ್ಲದು.

ಕಲಿಕೆಯ ಫಲ

ಪ್ರಮಾಣಪತ್ರವು ಪಾಠ ಮುಗಿದುದನ್ನು ಹೇಳುತ್ತದೆ. ಮುದ್ರಣಗೊಂಡ ಲೇಬಲ್ ಮತ್ತು ತೆರೆದು ತೋರಿಸಬಹುದಾದ ಜಾಲಪುಟವು ಕೆಲಸ ಬರುವುದನ್ನು ತೋರಿಸುತ್ತವೆ. ಇವೆರಡನ್ನು ಮುಗಿಸಿದ ನಂತರವೂ ಹೆಚ್ಚಿನ ತರಬೇತಿ ಬೇಕೆನಿಸಿದರೆ, ಯಾವ ವಿಷಯಕ್ಕಾಗಿ ಶುಲ್ಕ ಕೊಡಬೇಕೆಂಬ ತಿಳಿವಳಿಕೆ ಅಷ್ಟರಲ್ಲಿ ಬಂದಿರುತ್ತದೆ. ಆಸಕ್ತ ಯುವಜನರು ಕಂಪ್ಯೂಟರ್ ಲಭ್ಯತೆ ಮತ್ತು ಸಮಯದ ಬಗ್ಗೆ ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರಲ್ಲಿ ವಿಚಾರಿಸಬಹುದು.