ಅಡಾಪ್ಟರ್ ಪಿನ್ನಿನ ಒಳಗೆ ಪ್ಲಸ್ಸೋ, ಮೈನಸ್ಸೋ?

ಪಿನ್ನು ಸಲೀಸಾಗಿ ಕೂತ ಮಾತ್ರಕ್ಕೆ
ಅಡಾಪ್ಟರ್ ಆ ಉಪಕರಣಕ್ಕೆ ಹೊಂದುತ್ತದೆ ಎನ್ನಬಹುದೆ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ
1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದದ್ದೂ,
ಇಂದು ಮಂಡ್ಯ, ಮದ್ದೂರಿನ ಮನೆಗಳಿಗೆ ಬರುವುದೂ
ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು;
ಅದಕ್ಕೆ ಸ್ಥಿರವಾದ ಪ್ಲಸ್, ಮೈನಸ್ ತುದಿಗಳಿಲ್ಲ.

ಅಡಾಪ್ಟರ್ ಸಾಮಾನ್ಯವಾಗಿ ಅದನ್ನು ಡಿಸಿಗೆ ಮಾರ್ಪಡಿಸುತ್ತದೆ;
ಇದು ವಿಶ್ವೇಶ್ವರಯ್ಯ ನಾಲೆಯ ನೀರಿನಂತೆ
ಒಂದೇ ದಿಕ್ಕಿಗೆ ಹರಿಯುವುದರಿಂದ,
ತುದಿಗಳು ಅದಲುಬದಲಾದರೆ
ಉಪಕರಣದ ಒಳಗಿನ ಚಿಪ್ ಕ್ಷಣದಲ್ಲೇ ಸುಟ್ಟುಹೋಗಬಹುದು.

ಉತ್ತರ ಲೇಬಲ್ಲಿನಲ್ಲೇ ಇರುತ್ತದೆ.
ನಡುವೆ ಚುಕ್ಕೆ, ಸುತ್ತ ಅರೆತೆರೆದ ವೃತ್ತ;
ಚುಕ್ಕೆಯಿಂದ ಹೊರಟ ಗೆರೆ ಪ್ಲಸ್ ಚಿಹ್ನೆಗೆ ಸೇರಿದ್ದರೆ
ಪಿನ್ನಿನ ಒಳಭಾಗ ಪ್ಲಸ್,
ಮೈನಸ್‌ಗೆ ಸೇರಿದ್ದರೆ ಮೈನಸ್.
ವೈಫೈ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಒಳಭಾಗ ಪ್ಲಸ್,
ಗಿಟಾರ್ ಪೆಡಲ್‌ಗಳಲ್ಲಿ ಬಹುತೇಕ ಮೈನಸ್;
ಆದ್ದರಿಂದ ಇಲ್ಲಿ ಊಹೆ ಸಲ್ಲದು.

ಲೇಬಲ್ ಅಳಿಸಿಹೋಗಿದ್ದರೆ,
ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ,
ಕಡ್ಡಿಗಳು ಒಂದನ್ನೊಂದು ಮುಟ್ಟದಂತೆ
ಕೆಂಪನ್ನು ಪಿನ್ನಿನ ಒಳಗೆ, ಕಪ್ಪನ್ನು ಹೊರಮೈಗೆ ತಾಗಿಸಿದಾಗ,
ಅಂಕಿಯ ಮುಂದೆ ಮೈನಸ್ ಕಂಡರೆ
ಒಳಭಾಗವೇ ಮೈನಸ್.

ವೋಲ್ಟು ಸಮನಾಗಿರಬೇಕು,
ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ.
ಉಪಕರಣದ ಮೇಲಿನ ಚಿತ್ರವೂ ಅಡಾಪ್ಟರಿನ ಚಿತ್ರವೂ
ಒಂದೇ ಎಂದು ಖಚಿತವಾಗುವವರೆಗೆ
ಸ್ವಿಚ್ಚು ಹಾಕಬಾರದು.