ರಬ್ಬರಿನ ತಟ್ಟೆಗೆ ಕಂಚಿನ ಕಂಠ

ಮೇಲಂತಸ್ತಿನ ಮನೆಯಲ್ಲಿ ಡ್ರಮ್ಮು ಬಾರಿಸುವವರಿದ್ದರೆ ಕೆಳಮನೆಯವರ ಸ್ನೇಹ ಬಹುಕಾಲ ಬಾಳುವುದಿಲ್ಲವೆಂಬುದು ಅನುಭವಿಗಳ ಮಾತು. ಈ ಮಾತಿಗೆ ಹೆದರಿಯೇ, ನಾಲ್ಕು ವರ್ಷಗಳ ಹಿಂದೆ ನಮ್ಮ ಮಗಳು ಡ್ರಮ್ಮು ಕಲಿಯುತ್ತೇನೆಂದು ಹಟ ಹಿಡಿದಾಗ, ನಾನು ಎಲೆಕ್ಟ್ರಾನಿಕ್ ಸೆಟ್ಟೊಂದನ್ನು ತಂದುಕೊಟ್ಟೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ನಮ್ಮ ವಾಸ. ನಮ್ಮ ನೆಲವೇ ಸೂರಾಗಿರುವ ಕೆಳಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು. ಕಿವಿಗೆ ಹೆಡ್‌ಫೋನು ಏರಿಸಿ ಕುಳಿತ ಮಗಳಿಗೆ ಕಡಲು ಮೊರೆದಂತಹ ವಾದ್ಯಘೋಷ. ಬಾಗಿಲಲ್ಲಿ ನಿಂತ ನಮಗೆ, ಅಡಿಗೆಮನೆಯಲ್ಲಿ ಯಾರೋ ಹುರುಳಿಕಾಯಿ ಹೆಚ್ಚುತ್ತಿರುವಂತೆ ಟಕ್ ಟಕ್ ಸದ್ದು. ಮನೆಯ ಶಾಂತಿಯೂ ಉಳಿಯಿತು, ಮಗಳ ಆಸೆಯೂ ನೆರವೇರಿತು ಎಂದು ನಾನು ಬೀಗಿದೆ.

ಬೀಗಿದ ಬುದ್ಧಿಗೆ ಪೆಟ್ಟು ಬಿದ್ದದ್ದು ಅವಳ ಕಾಲೇಜಿನ ವಾರ್ಷಿಕೋತ್ಸವದ ರಾತ್ರಿ. ವೇದಿಕೆಯ ಮೇಲೆ ಇದ್ದುದು ನಿಜವಾದ ಡ್ರಮ್ಮುಗಳು, ನಿಜವಾದ ಕಂಚಿನ ಸಿಂಬಲ್ಲುಗಳು. ಹಾಡಿನ ನಡುವೆ ಸಕಲ ವಾದ್ಯಗಳೂ ಒಮ್ಮೆಗೇ ನಿಂತು, ಹಾಡುವ ಹುಡುಗಿಯ ಕಂಠವೊಂದೇ ಕೇಳಿಸಬೇಕಾದ ಒಂದು ಸ್ಥಳವಿತ್ತು. ಗಿಟಾರು ನಿಂತಿತು, ಕೀಬೋರ್ಡು ನಿಂತಿತು, ನಮ್ಮವಳು ಹೊಡೆದ ಸಿಂಬಲ್ಲು ಮಾತ್ರ ನಿಲ್ಲಲಿಲ್ಲ. ಅದು ಝಣಝಣನೆ ಮೊಳಗುತ್ತಲೇ ಇದ್ದು, ಆ ಹುಡುಗಿಯ ಸಾಲನ್ನು ಪೂರ್ತಿಯಾಗಿ ನುಂಗಿಹಾಕಿತು. ಸಭೆಯಲ್ಲಿ ಯಾರೋ ನಕ್ಕರು. ಮನೆಗೆ ಬಂದ ಮಗಳು ಊಟ ಮಾಡಲಿಲ್ಲ. ಬೀರುವಿನಿಂದ ಹಳೆಯ ದುಪ್ಪಟಿಯೊಂದನ್ನು ತೆಗೆದು ಸೆಟ್ಟಿನ ಮೇಲೆ ಹೊದಿಸಿ, "ಅಪ್ಪಾ, ಇದನ್ನು ಮಾರಿಬಿಡಿ. ನನಗೆ ಇದು ಬರುವುದಿಲ್ಲ" ಎಂದಳು.

ಮೂರು ವಾರ ಆ ದುಪ್ಪಟಿ ಅಲುಗಲಿಲ್ಲ. ಕೊನೆಗೆ ನಾನೇ ಅವಳ ಡ್ರಮ್ ಮಾಸ್ತರರನ್ನು ಕಾಣಲು ಹೋದೆ. ಅವರು ನಗುತ್ತ, "ಹುಡುಗಿಯ ಕೈಯಲ್ಲಿ ದೋಷವಿಲ್ಲ ಸ್ವಾಮಿ. ನಿಮ್ಮ ಮನೆಯ ಸಿಂಬಲ್ಲಿಗೆ ಬರುವುದು ಒಂದೇ ಅಕ್ಷರ. ಒಂದೇ ಅಕ್ಷರ ಕಲಿತ ಮಗುವನ್ನು ಭಾಷಣಕ್ಕೆ ನಿಲ್ಲಿಸಿದರೆ ಏನಾಗುತ್ತದೋ ಅದೇ ಆಯಿತು. ಸೆಟ್ಟನ್ನು ಮಾರಬೇಡಿ, ಸಿಂಬಲ್ಲಿನ ಪ್ಯಾಡುಗಳನ್ನು ಬದಲಾಯಿಸಿ" ಎಂದರು.

ತಟ್ಟೆ ಒಂದು, ದನಿ ಹಲವು

ಮಾಸ್ತರರ ಮಾತಿನ ಮರ್ಮ ತಿಳಿಯಬೇಕಾದರೆ ಕಂಚಿನ ಸಿಂಬಲ್ಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನೂರು ಪಾಲಿನಲ್ಲಿ ಸುಮಾರು ೮೦ ಪಾಲು ತಾಮ್ರ, ೨೦ ಪಾಲು ತವರ ಬೆರೆತ ಕಂಚು ಉತ್ತಮ ಸಿಂಬಲ್ಲಿನ ಮೈ. ೧೬೨೩ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆರ್ಮೇನಿಯನ್ ಕುಶಲಿಯೊಬ್ಬನು ಆರಂಭಿಸಿದ ಜಿಲ್ಜಿಯನ್ ಮನೆತನದ ಕಸುಬು ೧೯೨೯ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿಗೆ ದಾಟಿ ಇಂದಿಗೂ ನಡೆದಿದೆಯೆಂದರೆ, ಈ ಲೋಹದ ಮಹಿಮೆ ಎಷ್ಟೆಂಬುದನ್ನು ಊಹಿಸಬಹುದು.

ತಟ್ಟೆಯ ನಡುವಿನ ಗುಬುಟಿಗೆ ಕೋಲು ತಾಗಿದರೆ ದೇವಾಲಯದ ಗಂಟೆಯಂತೆ ಖಣಿಲೆನ್ನುವ ದನಿ. ಇಳಿಜಾರಾದ ಮೈಗೆ ಕೋಲಿನ ತುದಿ ತಾಗಿದರೆ ಟಿಂಗ್ ಎಂಬ ಹದವಾದ ನಾದ. ಅಂಚಿಗೆ ಕೋಲಿನ ಪಕ್ಕ ಬಡಿದರೆ ಅಲೆಯೊಡೆದಂತೆ ಭೋರ್ಗರೆತ. ಇನ್ನು ಅಂಚನ್ನು ಬೆರಳುಗಳಿಂದ ಹಿಡಿದರೆ ಒಡನೆಯೇ ಮೌನ. ಭಜನೆಯಲ್ಲಿ ತಾಳ ಹಾಕಿದ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ತಾಳವನ್ನು ಬಿಟ್ಟು ತಟ್ಟಿದರೆ ಒಂದು ನಾದ, ಒತ್ತಿ ಹಿಡಿದರೆ ಇನ್ನೊಂದು. ಆ ಹಿಡಿತ ಬಾರದವನ ಕೈಗೆ ಭಜನೆಯವರು ತಾಳ ಕೊಡುವುದಿಲ್ಲ.

ನಮ್ಮ ಮನೆಯ ಹಳೆಯ ಪ್ಯಾಡೋ! ಎಲ್ಲಿ ಹೊಡೆದರೂ ಅದೇ ದನಿ. ಹಿಡಿದರೆ ನಿಲ್ಲುವ ಪ್ರಶ್ನೆಯೇ ಇಲ್ಲ. ತನ್ನ ಪಾಡಿಗೆ ತಾನೇ ಕ್ಷೀಣಿಸುತ್ತಿತ್ತು. ನಾಲ್ಕು ವರ್ಷ ಅದರೊಡನೆ ಬೆಳೆದ ಕೈಗೆ ಸಿಂಬಲ್ಲನ್ನು ಹಿಡಿದು ನಿಲ್ಲಿಸಬೇಕೆಂಬುದು ಹೊಳೆಯದೇ ಹೋದದ್ದರಲ್ಲಿ ಆಶ್ಚರ್ಯವೇನು? ಮನೆಯ ಶಾಂತಿಗಾಗಿ ನಾನು ತಂದ ವಾದ್ಯವೇ ನನ್ನ ಮಗಳಿಗೆ ಅರ್ಧ ವಿದ್ಯೆಯನ್ನು ಮರೆಮಾಡಿತ್ತು.

ಪೆಟ್ಟು ಮಿಂಚಾಗುವ ಬಗೆ

ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಸೋದರರಾದ ಜಾಕ್ ಕ್ಯೂರಿ ಮತ್ತು ಪಿಯೇರ್ ಕ್ಯೂರಿ ೧೮೮೦ರಲ್ಲಿ ಕಂಡುಹಿಡಿದರು. ಈ ಗುಣಕ್ಕೆ ಪಿಯೆಜೊ ಎಂದು ಹೆಸರು. ಎಲೆಕ್ಟ್ರಾನಿಕ್ ಡ್ರಮ್ಮಿನ ಪ್ರತಿಯೊಂದು ಪ್ಯಾಡಿನ ಒಡಲಲ್ಲಿಯೂ ನಾಣ್ಯದಂತಹ ಒಂದು ಪಿಯೆಜೊ ಬಿಲ್ಲೆ ಅಡಗಿರುತ್ತದೆ. ಪೆಟ್ಟು ಬಿದ್ದೊಡನೆ ಅದು ನಡುಗಿ, ಪೆಟ್ಟಿನ ಬಲಕ್ಕೆ ತಕ್ಕಷ್ಟು ವಿದ್ಯುತ್ತನ್ನು ತಂತಿಯಲ್ಲಿ ಕಳಿಸುತ್ತದೆ. ತಂತಿಯ ಇನ್ನೊಂದು ತುದಿಯಲ್ಲಿರುವ ಮಾಡ್ಯೂಲೆಂಬ ಪೆಟ್ಟಿಗೆ ಈ ಸೆಟ್ಟಿನ ಮೆದುಳು. ಬಂದ ಸುದ್ದಿಯನ್ನು ಅಳೆದು, ತನ್ನಲ್ಲಿರುವ ದನಿಗಳಲ್ಲಿ ತಕ್ಕುದನ್ನು ಆರಿಸಿ ನುಡಿಸುವುದು ಅದರ ಕೆಲಸ.

ಅಗ್ಗದ ಪ್ಯಾಡಿನಲ್ಲಿ ಇರುವುದು ಬಿಲ್ಲೆಯೊಂದೇ. ಅದು "ಎಷ್ಟು ಬಲ" ಎಂಬುದನ್ನು ಹೇಳಬಲ್ಲುದೇ ಹೊರತು "ಎಲ್ಲಿ" ಎಂಬುದನ್ನು ಹೇಳಲಾರದು. ಉತ್ತಮ ಪ್ಯಾಡಿನಲ್ಲಿ ಬಿಲ್ಲೆಯ ಜೊತೆಗೆ ಅಂಚಿನ ರಬ್ಬರಿನ ಕೆಳಗೆ ಉದ್ದಕ್ಕೂ ತೆಳುವಾದ ಸ್ವಿಚ್ಚೊಂದು ಇರುತ್ತದೆ. ಬಿಲ್ಲೆ ನಡುಗಿ ಸ್ವಿಚ್ಚೂ ಒತ್ತಿಕೊಂಡಿತೆಂದರೆ, ಪೆಟ್ಟು ಅಂಚಿನ ಮೇಲೆ ಬಿತ್ತೆಂದು ಮಾಡ್ಯೂಲು ತಿಳಿಯುತ್ತದೆ. ಬಿಲ್ಲೆ ನಡುಗದೆ ಸ್ವಿಚ್ಚು ಮಾತ್ರ ಒತ್ತಿಕೊಂಡೇ ಇದ್ದರೆ? ಯಾರೋ ಬೆರಳಿನಿಂದ ಹಿಡಿದಿದ್ದಾರೆ ಎಂದು ಅರ್ಥ. ಆ ಕ್ಷಣವೇ ದನಿಯನ್ನು ಕತ್ತರಿಸುತ್ತದೆ. ಎಷ್ಟು ಸರಳವಾದ ಉಪಾಯ! ರೈಡ್ ಎಂಬ ದೊಡ್ಡ ಸಿಂಬಲ್ಲಿನ ಪ್ಯಾಡಿನಲ್ಲಾದರೆ ಗುಬುಟಿಗೂ ಬೇರೊಂದು ಸ್ವಿಚ್ಚು ಇರುತ್ತದೆ.

ಡ್ರಮ್ಮಿಗಿಂತ ಸಿಂಬಲ್ಲನ್ನು ಅನುಕರಿಸುವುದೇ ಕಷ್ಟವೆಂಬುದಕ್ಕೆ ಈ ವಾದ್ಯದ ಚರಿತ್ರೆಯೇ ಸಾಕ್ಷಿ. ಇಂಗ್ಲೆಂಡಿನ ಮೂಡಿ ಬ್ಲೂಸ್ ವಾದ್ಯತಂಡದ ಗ್ರೇಮ್ ಎಡ್ಜ್ ೧೯೭೧ರಲ್ಲಿಯೇ ಎಲೆಕ್ಟ್ರಾನಿಕ್ ಡ್ರಮ್ಮನ್ನು ಧ್ವನಿಮುದ್ರಿಕೆಯಲ್ಲಿ ನುಡಿಸಿದ್ದನು. ೧೯೮೧ರಲ್ಲಿ ಬಂದ ಸಿಮನ್ಸ್ ಕಂಪೆನಿಯ ಆರು ಮೂಲೆಯ ಪ್ಯಾಡುಗಳು ಜಗತ್ತನ್ನೇ ಮರುಳುಮಾಡಿದವು. ಆದರೆ ಅವು ಕಲ್ಲಿನಂತೆ ಗಟ್ಟಿಯಾಗಿದ್ದು ಮಣಿಕಟ್ಟು ನೋಯುತ್ತಿತ್ತು. ಅವನ್ನು ನುಡಿಸಿದ ಅನೇಕರು ಪಕ್ಕದಲ್ಲಿ ಕಂಚಿನ ಸಿಂಬಲ್ಲುಗಳನ್ನೇ ನಿಲ್ಲಿಸಿಕೊಳ್ಳುತ್ತಿದ್ದರು. ೧೯೯೭ರಲ್ಲಿ ಜಪಾನಿನ ರೋಲಂಡ್ ಕಂಪೆನಿ ಬಲೆಯಂತಹ ಹೊದಿಕೆಯ ಮೆತ್ತನೆಯ ಡ್ರಮ್ ಪ್ಯಾಡುಗಳನ್ನು ತಂದ ಮೇಲೆ ಡ್ರಮ್ಮಿನ ಸ್ಪರ್ಶಸುಖ ಕೈಗೆ ದೊರಕಿತು. ಕಂಚಿನಂತೆ ತೂಗಾಡುವ, ಹಿಡಿದರೆ ನಿಲ್ಲುವ ಸಿಂಬಲ್ ಪ್ಯಾಡುಗಳು ಪಕ್ವಗೊಂಡದ್ದು ಆಮೇಲೆಯೇ.

ಮೊದಲು ಮೆದುಳನ್ನು ಕೇಳಿ

ಇಡೀ ಹೊಸ ಸೆಟ್ಟು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೂರು ಪ್ಯಾಡುಗಳಿಗೆ ಹಬ್ಬದ ಬೋನಸ್ಸಿನಲ್ಲಿ ಉಳಿಸಿದ್ದ ಹಣ ಸಾಕಾಗುತ್ತಿತ್ತು. ಹಳೆಯ ಡ್ರಮ್ ಪ್ಯಾಡುಗಳನ್ನೂ ಮಾಡ್ಯೂಲನ್ನೂ ಹಾಗೆಯೇ ಉಳಿಸಿಕೊಂಡು, ಒಂದು ಕ್ರ್ಯಾಶ್, ಒಂದು ರೈಡ್, ಒಂದು ಹೈಹ್ಯಾಟ್ ಕೊಳ್ಳುವುದೆಂದು ನಿರ್ಧಾರವಾಯಿತು. ಇಲ್ಲಿ ನಾನು ಮಾಡಿದ ತಪ್ಪನ್ನು ವಾಚಕರು ಮಾಡದಿರಲೆಂದು ಹೇಳುತ್ತೇನೆ. ಮಗಳಿಗೆ ಅನಿರೀಕ್ಷಿತ ಸಂತೋಷ ಕೊಡುವ ಆತುರದಲ್ಲಿ ಯಾರನ್ನೂ ಕೇಳದೆ, ನೋಟಕ್ಕೆ ಚೆಂದವಾಗಿ ಕಂಡ, ಬೇರೆ ಕಂಪೆನಿಯ ರೈಡ್ ಪ್ಯಾಡೊಂದನ್ನು ತಂದುಬಿಟ್ಟೆ. ತಂತಿ ಸಿಕ್ಕಿಸಿ ಹೊಡೆದರೆ ಮೈ ನುಡಿಯಿತು, ಗುಬುಟು ಮೂಕ!

ಕಾರಣ ಆಮೇಲೆ ತಿಳಿಯಿತು. ಎಲ್ಲ ಕಂಪೆನಿಗಳ ತಂತಿಯ ಭಾಷೆ ಒಂದೇ ಅಲ್ಲ. ನಮ್ಮ ಮಾಡ್ಯೂಲಿಗೆ ಗುಬುಟಿನ ಸುದ್ದಿ ಎರಡನೆಯ ತಂತಿಯಲ್ಲಿ, ಎರಡನೆಯ ಕಂಡಿಯ ಮೂಲಕ ಬರಬೇಕು. ನಾನು ತಂದದ್ದು ಮೈ, ಅಂಚು, ಗುಬುಟು ಮೂರರ ಸುದ್ದಿಯನ್ನೂ ಒಂದೇ ತಂತಿಯಲ್ಲಿ ಕಳಿಸುವ ಜಾತಿಯದು. ತಮಿಳು ಬಾರದವನಿಗೆ ತಮಿಳಿನಲ್ಲಿ ಕಾಗದ ಬರೆದಂತಾಯಿತು. ಅಂಗಡಿಯವರು ಗೊಣಗುತ್ತಲೇ ಬದಲಾಯಿಸಿಕೊಟ್ಟರು.

ಆದ್ದರಿಂದ ಪ್ಯಾಡು ಕೊಳ್ಳುವ ಮುನ್ನ ಮಾಡ್ಯೂಲಿನ ಕೈಪಿಡಿಯನ್ನು ಓದಬೇಕು. ಯಾವ ಯಾವ ಪ್ಯಾಡುಗಳನ್ನು ಅದು ಗುರುತಿಸುತ್ತದೆ, ಸಿಂಬಲ್ಲಿನ ಕಂಡಿ ಎರಡು ಸುದ್ದಿಗಳನ್ನು ಒಟ್ಟಿಗೆ ಸ್ವೀಕರಿಸುವ ಸ್ಟೀರಿಯೋ ಕಂಡಿಯೇ, ಹೆಚ್ಚುವರಿ ಕಂಡಿ ಉಂಟೇ ಎಂಬುದನ್ನು ಬರೆದುಕೊಂಡು ಅಂಗಡಿಗೆ ಹೋಗಬೇಕು. ತಂತಿಯೂ ಸ್ಟೀರಿಯೋ ಆಗಿರಬೇಕು. ಅದರ ಲೋಹದ ಮೂತಿಯ ಮೇಲೆ ಎರಡು ಕಪ್ಪು ಉಂಗುರಗಳಿರುತ್ತವೆ. ಒಂದೇ ಉಂಗುರದ ತಂತಿ ಹಾಕಿದರೆ ಎಂತಹ ಬೆಲೆಬಾಳುವ ಪ್ಯಾಡಿನ ಅಂಚೂ ಮೂಕವೇ.

ಭಾನುವಾರದ ಜೋಡಣೆ

ಪ್ಯಾಡುಗಳು ಬಂದ ಭಾನುವಾರ ಮಗಳು ತಾನೇ ದುಪ್ಪಟಿಯನ್ನು ಅರ್ಧ ಸರಿಸಿದಳು. ಪೂರ್ತಿ ಸರಿಸಲಿಲ್ಲ. ನಾನು ಸ್ಕ್ರೂ ಬಿಗಿಸುವವನು, ಅವಳು ಕೈಪಿಡಿ ಓದಿ ಅಪ್ಪಣೆ ಮಾಡುವವಳು. ಕ್ರ್ಯಾಶಿನ ಅಂಚಿನ ಸ್ವಿಚ್ಚು ನುಡಿಸುವವರ ಕಡೆಯ ಭಾಗದಲ್ಲಷ್ಟೇ ಇರುವುದರಿಂದ, ತಟ್ಟೆ ಗಿರ್ರನೆ ತಿರುಗದಂತೆ ತಡೆಯುವ ಬಿರಡೆಯನ್ನು ಮೊದಲು ಕೂರಿಸಬೇಕು. ಅದನ್ನು ಮರೆತರೆ ಎರಡು ಹಾಡು ಮುಗಿಯುವಷ್ಟರಲ್ಲಿ ಸ್ವಿಚ್ಚು ಗೋಡೆಯ ಕಡೆಗೆ ಮುಖ ಮಾಡಿರುತ್ತದೆ.

ಹೈಹ್ಯಾಟ್ ಎಲ್ಲಕ್ಕಿಂತ ಹೆಚ್ಚು ಕಾಡಿತು. ನಿಜವಾದ ಹೈಹ್ಯಾಟಿನಲ್ಲಿ ಎರಡು ತಟ್ಟೆಗಳು ಎದುರುಬದುರಾಗಿದ್ದು ಕಾಲಿನಿಂದ ಮುಚ್ಚಿ ತೆರೆಯುತ್ತವೆ. ನಮ್ಮ ಹಳೆಯದಕ್ಕೆ ತೆರೆದದ್ದು, ಮುಚ್ಚಿದ್ದು ಎಂಬ ಎರಡೇ ಸ್ಥಿತಿ ಗೊತ್ತಿತ್ತು. ಹೊಸದು ನಿಜವಾದ ಸ್ಟ್ಯಾಂಡಿನ ಮೇಲೆ ಏರಿಳಿದು, ನಡುವಿನ ಮೆಟ್ಟಿಲುಗಳನ್ನೂ ಬಲ್ಲುದು. ಆದರೆ ಮೇಲಿನ ತಟ್ಟೆಯನ್ನು ತನ್ನ ಭಾರದಲ್ಲಿಯೇ ಕೆಳಗೆ ಕೂರಲು ಬಿಟ್ಟು, "ಇದೇ ಸೊನ್ನೆ" ಎಂದು ಮಾಡ್ಯೂಲಿಗೆ ತೋರಿಸಿಕೊಟ್ಟ ಹೊರತು ಅದು ಎಲ್ಲವನ್ನೂ ತಪ್ಪಾಗಿಯೇ ಅಳೆಯುತ್ತದೆ.

ಇಷ್ಟಾದ ಮೇಲೂ ಹೊಸ ಚೇಷ್ಟೆ: ಡ್ರಮ್ಮಿಗೆ ಹೊಡೆದರೆ ಪಕ್ಕದ ಕ್ರ್ಯಾಶ್ ತಾನಾಗಿ ಝಲ್ಲೆನ್ನುತ್ತಿತ್ತು. ಎರಡೂ ಒಂದೇ ಕಬ್ಬಿಣದ ಚೌಕಟ್ಟಿನಲ್ಲಿರುವುದರಿಂದ ಒಂದರ ನಡುಕ ಇನ್ನೊಂದರ ಬಿಲ್ಲೆಗೆ ತಲಪುತ್ತಿತ್ತು. ಮಾಡ್ಯೂಲಿನಲ್ಲಿ ಇದನ್ನು ತಡೆಯುವ ಅಂಕಿಯನ್ನು ಒಂದೊಂದಾಗಿ ಏರಿಸುತ್ತ ಹೋದೆವು. ಕಡಮೆಯಾದರೆ ದೆವ್ವದ ಪೆಟ್ಟು. ಹೆಚ್ಚಾದರೆ ನಿಜವಾದ ಮೆಲುಪೆಟ್ಟೂ ಕಿವುಡು. ಹದ ಸಿಕ್ಕುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. "ರೀ, ಮದುವೆಮನೆಯ ಓಲಗದವರೂ ಇಷ್ಟು ಹೊತ್ತು ಶ್ರುತಿ ಮಾಡುವುದಿಲ್ಲ" ಎಂದು ನಮ್ಮ ಮನೆಯಾಕೆ ಕಾಫಿ ತಂದಿಟ್ಟಳು.

ಹೆಡ್‌ಮಾಸ್ತರರ ಸಂಗತಿಯನ್ನೂ ಹೇಳಿಬಿಡಬೇಕು. ಸೆಟ್ಟಿನ ಸದ್ದು ಗಾಳಿಯಲ್ಲಿ ಹೋಗದಿದ್ದರೂ ಕಾಲಿನ ಪೆಡಲಿನ ಗುದ್ದು ನೆಲದಲ್ಲಿ ಇಳಿಯುತ್ತದೆ. ನಾಲ್ಕು ವರ್ಷಗಳಿಂದ ತಮ್ಮ ಮಂಚದ ಮೇಲ್ಗಡೆ ಯಾರೋ ಭತ್ತ ಕುಟ್ಟುತ್ತಿದ್ದಾರೆಂದು ಅವರು ಸೌಜನ್ಯದಿಂದ ಸಹಿಸಿದ್ದರಂತೆ! ಮರದ ಹಲಗೆಗಳೆರಡರ ನಡುವೆ ಟೆನಿಸ್ ಚೆಂಡುಗಳನ್ನು ಗುಳಿಗಳಲ್ಲಿ ಕೂರಿಸಿ, ಅದರ ಮೇಲೆ ಸೆಟ್ಟನ್ನು ಏರಿಸಿದೆವು. ಭತ್ತ ಕುಟ್ಟುವುದು ಬಹುಮಟ್ಟಿಗೆ ನಿಂತಿತು.

ಹಿಡಿಯುವ ಕೈ

ಅಂದು ರಾತ್ರಿ ಮಗಳು ಇನ್ನೊಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ, ಅದೇ ಹಾಡಿನ ಅದೇ ಸ್ಥಳಕ್ಕೆ ಬಂದಳು. ಬಲಗೈ ಕ್ರ್ಯಾಶಿಗೆ ಬಡಿಯಿತು; ಎಡಗೈ ಹೋಗಿ ಅಂಚನ್ನು ಹಿಡಿಯಿತು. ನನ್ನ ಕಿವಿಯಲ್ಲಿ ಭೋರ್ಗರೆತ ಎದ್ದು, ಕತ್ತರಿಸಿದಂತೆ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಮತ್ತೆ ಬಡಿದಳು, ಮತ್ತೆ ಹಿಡಿದಳು. ನಲವತ್ತು ಸಲವಾದರೂ ಆಗಿರಬೇಕು.

ಹೊಸ ಪ್ಯಾಡುಗಳೆಂದರೆ ಕಂಚೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೆತ್ತನೆಯ ಕೋಲಿನಿಂದ ಕಂಚನ್ನು ತಟ್ಟುತ್ತ ಪಿಸುಮಾತಿನಿಂದ ಗುಡುಗಿನವರೆಗೆ ಬೆಳೆಸುವ ಸೊಗಸು ನಮ್ಮ ರಬ್ಬರಿಗೆ ಒಲಿದಿಲ್ಲ. ತಟ್ಟೆಯ ಮೇಲೆ ಪೆಟ್ಟು ಬಿದ್ದ ಜಾಗವನ್ನೇ ಅಳೆಯುವ ರೈಡ್ ಪ್ಯಾಡನ್ನು ರೋಲಂಡ್ ಕಂಪೆನಿ ೨೦೧೬ರಲ್ಲಿ ತಂದಿತು. ಅದು ನಮ್ಮ ಕೈಗೆಟಕುವ ಮಾತಲ್ಲ. ಆದುದರಿಂದ ಮಾಸ್ತರರೊಡನೆ ಒಂದು ಒಪ್ಪಂದವಾಗಿದೆ: ವಾರವೆಲ್ಲ ಮನೆಯ ರಬ್ಬರು, ಶನಿವಾರ ಒಂದು ಗಂಟೆ ಅವರ ಮನೆಯ ಕಂಚು. ಮನೆಯಲ್ಲಿ ಕೈ ಕಲಿತದ್ದನ್ನು ಅಲ್ಲಿ ಕಿವಿ ತಿದ್ದುತ್ತದೆ.

ಏಪ್ರಿಲ್ ತಿಂಗಳಲ್ಲಿ ಅವಳ ಕಾಲೇಜಿನಲ್ಲಿ ಬೀಳ್ಕೊಡುಗೆ ಸಮಾರಂಭ ನಡೆಯಿತು. ಹಾಡುವ ಹುಡುಗಿ ಅವಳೇ, ಹಾಡೂ ಅದೇ. ಬೇರೆ ಹಾಡು ಬೇಡವೆಂದು ಹಟ ಹಿಡಿದವಳು ನಮ್ಮ ಮಗಳು. ಆ ಸ್ಥಳ ಬಂದಿತು. ಗಿಟಾರು ನಿಂತಿತು, ಕೀಬೋರ್ಡು ನಿಂತಿತು, ಸಿಂಬಲ್ಲೂ ನಿಂತಿತು. ಆ ಹುಡುಗಿಯ ಕಂಠವೊಂದೇ ಸಭೆಯನ್ನೆಲ್ಲ ತುಂಬಿತು. ಅದನ್ನು ಕೇಳುತ್ತಿದ್ದ ಸಾವಿರ ಜನರಲ್ಲಿ, ಹಿಂದೆ ಕುಳಿತು ಎರಡು ಬೆರಳುಗಳಿಂದ ಕಂಚನ್ನು ಹಿಡಿದವಳನ್ನು ನೋಡುತ್ತಿದ್ದವರು ನಾವಿಬ್ಬರೇ ಇದ್ದಿರಬೇಕು.

ಮನೆಗೆ ಬಂದ ಮೇಲೆ, ಸೆಟ್ಟಿನ ಕಾಲ ಬಳಿ ಬಿದ್ದಿದ್ದ ದುಪ್ಪಟಿಯನ್ನು ನಮ್ಮ ಮನೆಯಾಕೆ ಒಗೆದು, ಮಡಿಚಿ, ಮತ್ತೆ ಬೀರುವಿನಲ್ಲಿಟ್ಟಳು.